ಹಳೆಯ ಕೋವಿ, ಹೊಸ ಎರಕ

(ಇತಿಹಾಸಾಸಕ್ತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಯುರೋಪು, ಅಮೆರಿಕಗಳಲ್ಲಿ ಕೆಲವರಿಗೆ ಒಂದು ವಿಚಿತ್ರ ಹವ್ಯಾಸವಿದೆ. ಆರುನೂರು, ಏಳುನೂರು ವರ್ಷಗಳ ಹಿಂದಿನ ಕೋವಿಗಳನ್ನು ಅವರು ಇಂದು ಮತ್ತೆ ಮಾಡಿಸಿ ಮನೆಯಲ್ಲಿಟ್ಟುಕೊಳ್ಳುತ್ತಾರೆ. ಇವು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ಆಟದ ಸಾಮಾನುಗಳಲ್ಲ. ಒಬ್ಬ ಕಮ್ಮಾರನೋ ಎರಕದವನೋ ವಸ್ತುಸಂಗ್ರಹಾಲಯದ ಅಳತೆಗಳನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಕೈಯಲ್ಲಿ ಮಾಡಿದಂಥವು. ಮದ್ದು ತುಂಬಿ ಬೆಂಕಿ ತಾಗಿಸಿದರೆ ನಿಜವಾಗಿಯೂ ಸಿಡಿಯುತ್ತವೆ. ಇದು ಹುಚ್ಚೋ, ಆಟವೋ, ಇತಿಹಾಸವೋ ಎಂದು ನೀವು ಕೇಳಬಹುದು. ಇದು ಇತಿಹಾಸವೇ ಆಗಬಲ್ಲದು, ಆದರೆ ಒಂದು ಷರತ್ತಿನ ಮೇಲೆ ಎಂಬುದು ನನ್ನ ಅಭಿಪ್ರಾಯ. ಆ ಷರತ್ತು ಏನೆಂದು ಹೇಳುವುದಕ್ಕೆ ಮುಂಚೆ ಈ ಕೋವಿಗಳ ಪರಿಚಯ ಆಗಬೇಕು.

ಮಧ್ಯಯುಗದ ಕೋವಿ ಎಂದ ಕೂಡಲೇ ಕುದುರೆ, ಗುಬುಟು, ಉದ್ದ ನಳಿಗೆಯ ಬಂದೂಕು ಕಣ್ಣ ಮುಂದೆ ಬರುತ್ತವೆ. ಅದೆಲ್ಲ ಬಹಳ ನಂತರದ್ದು. ನಾನು ಹೇಳುತ್ತಿರುವುದು ಮೊಟ್ಟಮೊದಲ ತಲೆಮಾರಿನ ಕೋವಿಗಳನ್ನು. ಅವುಗಳಲ್ಲಿ ಯಂತ್ರವೆಂಬುದೇ ಇಲ್ಲ. ಒಂದು ತುದಿ ಮುಚ್ಚಿದ ದಪ್ಪ ಲೋಹದ ಕೊಳವೆ, ಮುಚ್ಚಿದ ತುದಿಯ ಹತ್ತಿರ ಬೆಂಕಿ ತಾಗಿಸಲು ಒಂದು ಸಣ್ಣ ತೂತು, ಹಿಂದೆ ಹಿಡಿಯಲು ಒಂದು ಮರದ ಕೋಲು. ಇಷ್ಟೇ. ಇವನ್ನು ಕೈಫಿರಂಗಿ ಎಂದು ಕರೆಯೋಣ. ನಮ್ಮ 'ಕೋವಿ' ಎಂಬ ಮಾತಿಗೂ ಮೂಲದಲ್ಲಿ ಕೊಳವೆ ಎಂದೇ ಅರ್ಥ. 15ನೇ ಶತಮಾನದಲ್ಲಿ ಬೊಹೀಮಿಯದ ಹುಸ್ಸೈಟರು ಗಾಡಿಗಳ ಕೋಟೆ ಕಟ್ಟಿಕೊಂಡು ಕಾದಾಡಿದಾಗ ಬಳಸಿದ ಕೈಫಿರಂಗಿಗೆ ಚೆಕ್ ಭಾಷೆಯಲ್ಲಿ 'ಪಿಶ್ತಲಾ' ಎಂದು ಹೆಸರು. ಅಂದರೆ ಕೊಳಲು. ಇಂದಿನ 'ಪಿಸ್ತೂಲು' ಅದರಿಂದಲೇ ಬಂದಿರಬೇಕೆಂದು ಭಾಷಾಶಾಸ್ತ್ರಜ್ಞರು ಊಹಿಸುತ್ತಾರೆ.

ಮದ್ದಿನ ತವರು ಚೀನಾ. 1044ರ ಸುಮಾರಿಗೆ ಸಂಕಲನಗೊಂಡ ಅಲ್ಲಿನ ಯುದ್ಧಶಾಸ್ತ್ರದ ಗ್ರಂಥವೊಂದರಲ್ಲಿ ಮದ್ದಿನ ಪಾಕಗಳಿವೆ. ಚೀನೀಯರು ಅದನ್ನು 'ಬೆಂಕಿಯ ಔಷಧಿ' ಎಂದು ಕರೆದರು. ಕನ್ನಡದಲ್ಲಿ ಕಾಯಿಲೆಗೆ ಕೊಡುವುದೂ ಮದ್ದೇ, ಕೋವಿಗೆ ತುಂಬುವುದೂ ಮದ್ದೇ. ಹಳೆಯ ಜರ್ಮನ್ನಿನಲ್ಲಿ ಕೋವಿಮದ್ದಿಗೆ ಬಳಕೆಯಾದ ಪದಕ್ಕೆ ಮೂಲಿಕೆ ಎಂಬ ಅರ್ಥವಿದೆ. ಮೂರು ದೂರದ ನಾಡುಗಳ ಜನ ಇದನ್ನು ಮೊದಲು ವೈದ್ಯನ ಕುಟ್ಟಾಣಿಯ ಸರಕಿನಂತೆ ಕಂಡರು ಎಂಬುದು ಸ್ವಾರಸ್ಯದ ಸಂಗತಿ. ಅದಿರಲಿ. ಈಶಾನ್ಯ ಚೀನಾದ ಹೈಲುಂಗ್‌ಜಿಯಾಂಗ್ ಪ್ರಾಂತ್ಯದಲ್ಲಿ 1970ರಲ್ಲಿ ಸಿಕ್ಕ ಕಂಚಿನ ಕೈಫಿರಂಗಿ ಸುಮಾರು 34 ಸೆಂ.ಮೀ. ಉದ್ದ, ಮೂರೂವರೆ ಕಿಲೋ ತೂಕವಿದೆ. ಅದು 1287-88ರಲ್ಲಿ ಆ ಭಾಗದಲ್ಲಿ ನಡೆದ ಕಾಳಗಗಳ ಕಾಲದ್ದೆಂದು ವಿದ್ವಾಂಸರು ಹೇಳುತ್ತಾರೆ.

ಯುರೋಪಿನಲ್ಲಿ ಮೊದಲ ಖಚಿತ ಸಾಕ್ಷ್ಯಗಳು ಸಿಗುವುದು 1326ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಫ್ಲಾರೆನ್ಸ್ ನಗರದ ಆಡಳಿತ ಲೋಹದ ಫಿರಂಗಿಗಳನ್ನೂ ಕಬ್ಬಿಣದ ಗುಂಡುಗಳನ್ನೂ ಮಾಡಿಸಲು ಅಪ್ಪಣೆ ಕೊಟ್ಟಿತು. ಅದೇ ಹೊತ್ತಿನಲ್ಲಿ ಇಂಗ್ಲೆಂಡಿನ ವಾಲ್ಟರ್ ಡಿ ಮಿಲಿಮೀಟ್ ಎಂಬಾತ ಎಳೆಯ ರಾಜನಿಗಾಗಿ ಬರೆದ ರಾಜನೀತಿಯ ಹಸ್ತಪ್ರತಿಯೊಂದರಲ್ಲಿ ಒಂದು ಚಿತ್ರವಿದೆ. ಹೂದಾನಿಯ ಆಕಾರದ ಪಾತ್ರೆಯೊಂದನ್ನು ಅಡ್ಡಡ್ಡವಾಗಿ ಮೇಜಿನಂಥ ಪೀಠದ ಮೇಲೆ ಮಲಗಿಸಿದೆ. ಅದರ ಬಾಯಿಂದ ಒಂದು ದಪ್ಪ ಬಾಣ ಹೊರಬರುತ್ತಿದೆ. ಕವಚ ತೊಟ್ಟ ಯೋಧನೊಬ್ಬ ಕೈ ಚಾಚಿ ಅದಕ್ಕೆ ಬೆಂಕಿ ತಾಗಿಸುತ್ತಿದ್ದಾನೆ. ಆ ಹಸ್ತಪ್ರತಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿದೆ. ಕೊಳವೆಯಿಂದ ಬಾಣ ಹಾರುವುದೆಂದರೆ ಚಿತ್ರಕಾರನ ಕಲ್ಪನೆಯಿರಬೇಕು ಎಂಬ ಅನುಮಾನ ಈ ಚಿತ್ರವನ್ನು ಬಹುಕಾಲ ಬೆನ್ನುಹತ್ತಿತ್ತು. ಆ ಅನುಮಾನವನ್ನು ಯಾವ ಗ್ರಂಥವೂ ತೀರಿಸುವಂತಿರಲಿಲ್ಲ.

ಚಿತ್ರ ಬಿಟ್ಟು ವಸ್ತುವಿಗೆ ಬರೋಣ. ಪ್ರತಿಕೃತಿ ಮಾಡುವವರೆಲ್ಲ ಮತ್ತೆ ಮತ್ತೆ ಮೊರೆಹೋಗುವ ಮೂಲಗಳು ಕೈಬೆರಳೆಣಿಕೆಯಷ್ಟೇ. ಸ್ವೀಡನ್ನಿನ ಲೋಶುಲ್ಟ್ ಎಂಬ ಹಳ್ಳಿಯ ನೆಲದಲ್ಲಿ ಸಿಕ್ಕ ಕಂಚಿನ ಫಿರಂಗಿ ಒಂದು. ಉದ್ದ ಸುಮಾರು 30 ಸೆಂ.ಮೀ., ತೂಕ 9 ಕಿಲೋ. ಮಿಲಿಮೀಟ್ ಚಿತ್ರದ ಹೂದಾನಿಗೆ ಇದು ತಮ್ಮನಂತಿದೆ. ಈಗ ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿದೆ. ಸ್ವೀಡನ್ನಿನದೇ ಮೋರ್ಕೋ ಕೋವಿಯ ಮೇಲೆ ಗಡ್ಡದ ಮನುಷ್ಯನ ತಲೆಯೊಂದನ್ನು ಎರಕ ಹೊಯ್ದಿದ್ದಾರೆ, ದೇವರ ಹೆಸರಿನ ಬರಹವೂ ಇದೆ. ಆದರೆ ಪ್ರತಿಕೃತಿಕಾರರ ಅಚ್ಚುಮೆಚ್ಚಿನದು ಟಾನೆನ್‌ಬರ್ಗ್ ಕೋವಿ. 1410ರ ಪ್ರಸಿದ್ಧ ಟಾನೆನ್‌ಬರ್ಗ್ ಯುದ್ಧ ನಡೆದ ಜಾಗಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಜರ್ಮನಿಯ ಹೆಸ್ಸೆ ಪ್ರದೇಶದ ಒಂದು ಸಣ್ಣ ಗಿರಿದುರ್ಗ. ಅಲ್ಲಿದ್ದ ಸರದಾರರ ದರೋಡೆಯನ್ನು ಸಹಿಸಲಾಗದೆ ಸುತ್ತಲಿನ ಪ್ರಭುಗಳೂ ಫ್ರಾಂಕ್‌ಫರ್ಟ್ ನಗರದವರೂ ಒಟ್ಟುಗೂಡಿ 1399ರಲ್ಲಿ ಅದನ್ನು ನೆಲಸಮ ಮಾಡಿದರು. ಆಮೇಲೆ ಅಲ್ಲಿ ಯಾರೂ ಕೋಟೆ ಕಟ್ಟಲಿಲ್ಲ. 1849ರಲ್ಲಿ ಅಗೆದಾಗ ಈ ಕೋವಿ ಸಿಕ್ಕಿತು. ಆದ್ದರಿಂದ ಇದು 1399ಕ್ಕಿಂತ ಈಚಿನದಾಗಿರಲು ಸಾಧ್ಯವಿಲ್ಲ. ಹೀಗೆ ಕಾಲ ಖಚಿತವಾಗಿರುವ ಕೋವಿಗಳು ತೀರಾ ಅಪರೂಪ. ಎಂಟು ಮೂಲೆಯ ಕಂಚಿನ ನಳಿಗೆ, ಉದ್ದ ಸುಮಾರು 33 ಸೆಂ.ಮೀ., ತೂಕ ಒಂದೂಕಾಲು ಕಿಲೋದಷ್ಟು. ಒಂದು ತೆಂಗಿನಕಾಯಿಯ ತೂಕವೆನ್ನಿ. ಈಗ ನ್ಯೂರೆಂಬರ್ಗಿನಲ್ಲಿದೆ.

ಈ ಮೂಲಗಳು ಗಾಜಿನ ಪೆಟ್ಟಿಗೆಯಲ್ಲಿ ಭದ್ರವಾಗಿವೆ, ಭದ್ರವಾಗಿರಲೂ ಬೇಕು. ಆದರೆ ಕೋವಿ ಎನ್ನುವುದು ಶಿಲ್ಪದಂತೆ ನೋಡಿ ತಿಳಿಯುವ ವಸ್ತುವಲ್ಲ. ಅದು ಎಷ್ಟು ದೂರ ಹೊಡೆಯುತ್ತಿತ್ತು, ಅದನ್ನು ಹೇಗೆ ಹಿಡಿಯುತ್ತಿದ್ದರು, ಒಬ್ಬನೇ ಹಾರಿಸುತ್ತಿದ್ದನೋ ಇಬ್ಬರು ಬೇಕಿತ್ತೋ, ಈ ಪ್ರಶ್ನೆಗಳಿಗೆ ಗಾಜಿನ ಪೆಟ್ಟಿಗೆಯಿಂದ ಉತ್ತರ ಬರುವುದಿಲ್ಲ. ಆರುನೂರು ವರ್ಷ ಮಣ್ಣಿನಲ್ಲಿದ್ದ ಕಂಚಿಗೆ ಮದ್ದು ತುಂಬಿ ನೋಡುವ ಮೂರ್ಖತನವನ್ನು ಯಾರೂ ಮಾಡಲಾರರು. ಅಲ್ಲಿಗೆ ಪ್ರತಿಕೃತಿಯ ಅಗತ್ಯ ಬಂತು.

ಡೆನ್ಮಾರ್ಕಿನ ನೈಕೊಬಿಂಗ್ ಪಟ್ಟಣದ ಎದುರು ದಡದಲ್ಲಿ ಮಧ್ಯಯುಗ ಕೇಂದ್ರ ಎಂಬ ಬಯಲು ವಸ್ತುಸಂಗ್ರಹಾಲಯವಿದೆ. ಕೋಟೆಗೆ ಕಲ್ಲೆಸೆಯುವ ಹಳೆಯ ಕವಣೆಯಂತ್ರವನ್ನು 1989ರಲ್ಲಿ ಪುನಃ ಕಟ್ಟಿ ತೋರಿಸಿ ಹೆಸರಾದ ಸಂಸ್ಥೆ ಅದು. ಆ ಕೇಂದ್ರದ ಸುತ್ತ ಸೇರಿದ ಸಂಶೋಧಕರ ಗುಂಪು 2002ರಿಂದ ಮುಂದಕ್ಕೆ ಲೋಶುಲ್ಟ್ ಫಿರಂಗಿಯ ಪ್ರತಿಕೃತಿಯನ್ನೂ ಹಳೆಯ ಪಾಕಗಳ ಪ್ರಕಾರ ಅರೆದ ಮದ್ದನ್ನೂ ಇಟ್ಟುಕೊಂಡು ಸೈನ್ಯದ ಅಭ್ಯಾಸದ ಬಯಲಿನಲ್ಲಿ ಪರೀಕ್ಷೆಗಳನ್ನು ನಡೆಸಿತು. ಸೀಸದ ಗುಂಡು ಹಾಕಿ ನೋಡಿದರು, ಬಾಣ ಹಾಕಿಯೂ ನೋಡಿದರು. ಬಾಣ ಹಾರಿತು. ನೂರಾರು ಮೀಟರು ದೂರಕ್ಕೇ ಹಾರಿತು. ಅಂದಮೇಲೆ ಮಿಲಿಮೀಟನ ಚಿತ್ರಕಾರನನ್ನು ಸುಳ್ಳುಗಾರನೆಂದು ತಳ್ಳಿಹಾಕುವಂತಿಲ್ಲ. ಮೊದಲ ಕಾಲದ ಮದ್ದು ಸದ್ದು ಮಾಡಿ ಕುದುರೆಗಳನ್ನು ಬೆದರಿಸಲಷ್ಟೇ ಸಾಕಿತ್ತು ಎಂದು ಹಲವು ಪಠ್ಯಪುಸ್ತಕಗಳು ಬರೆದದ್ದನ್ನು ನಾವೆಲ್ಲ ಓದಿದ್ದೇವೆ. ಆ ಮಾತನ್ನೂ ಇನ್ನು ಅಷ್ಟು ಸಲೀಸಾಗಿ ಹೇಳುವಂತಿಲ್ಲ. ಒಂದು ನಕಲು ಮಾಡಿದ ವಸ್ತು ಅಸಲು ವಸ್ತುವಿನ ಬಗ್ಗೆ ಇದ್ದ ತಪ್ಪು ತಿಳಿವಳಿಕೆಯನ್ನು ತಿದ್ದಿತು.

ಇದು ಸಂಶೋಧಕರ ಮಾತಾಯಿತು. ಒಬ್ಬ ಸಾಮಾನ್ಯ ಹವ್ಯಾಸಿ ಟಾನೆನ್‌ಬರ್ಗ್ ಮಾದರಿಯೊಂದನ್ನು ಮಾಡಿಸಿಕೊಂಡರೆ ಅವನಿಗೆ ಏನು ತಿಳಿಯುತ್ತದೆ? ಮೊದಲು ತಿಳಿಯುವುದು ಹಿಡಿಯುವ ಕಷ್ಟ. ತೂಕವೆಲ್ಲ ಮುಂದಿರುವುದರಿಂದ ಮರದ ಕೋಲನ್ನು ಕಂಕುಳಲ್ಲಿ ಅವುಚಿಕೊಳ್ಳಬೇಕು. ಒಂದು ಕೈ ಕೋವಿಗೆ ಹೋಯಿತು. ಇನ್ನೊಂದು ಕೈಯಲ್ಲಿ ಕಾದ ಕಬ್ಬಿಣದ ಕಡ್ಡಿಯನ್ನೋ ಹೊಗೆಯಾಡುವ ಬತ್ತಿಯನ್ನೋ ಹಿಡಿದು ಆ ಸಣ್ಣ ತೂತಿಗೆ ಮುಟ್ಟಿಸಬೇಕು. ಕಣ್ಣು ತೂತಿನ ಕಡೆ ಹೋದರೆ ಗುರಿ ತಪ್ಪುತ್ತದೆ, ಗುರಿಯ ಕಡೆ ಹೋದರೆ ಬತ್ತಿ ತಪ್ಪುತ್ತದೆ. ಹಳೆಯ ಚಿತ್ರಗಳಲ್ಲಿ ಕೋವಿಗೆ ಊರುಗೋಲು ಕೊಟ್ಟಿರುವುದು ಯಾಕೆ, ಕೆಲವು ಕೋವಿಗಳ ಹೊಟ್ಟೆಯಡಿ ಕೊಕ್ಕೆಯೊಂದು ಇರುವುದು ಯಾಕೆ ಎಂಬುದು ಆಗ ಮೈಗೇ ಅರ್ಥವಾಗುತ್ತದೆ. ಆ ಕೊಕ್ಕೆಯನ್ನು ಕೋಟೆಯ ಗೋಡೆಯ ಅಂಚಿಗೆ ಸಿಕ್ಕಿಸಿದರೆ ಕೋವಿ ಹಿಂದಕ್ಕೆ ಒದೆಯುವ ಪೆಟ್ಟನ್ನು ಗೋಡೆಯೇ ತಡೆದುಕೊಳ್ಳುತ್ತದೆ. ಜರ್ಮನರು ಅದಕ್ಕೆ 'ಕೊಕ್ಕೆಕೋವಿ' ಎಂದರು. ಆ ಮಾತೇ ಬಾಯಿಂದ ಬಾಯಿಗೆ ಸವೆದು 'ಆರ್ಕೆಬಸ್' ಆಯಿತು. 1411ರ ವಿಯೆನ್ನಾ ಹಸ್ತಪ್ರತಿಯೊಂದರಲ್ಲಿ ಬತ್ತಿಯನ್ನು ಕಚ್ಚಿಕೊಂಡು ತೂತಿನ ಮೇಲೆ ಬಾಗುವ ಡೊಂಕು ಸನ್ನೆಯೊಂದು ಕಾಣಿಸಿಕೊಳ್ಳುತ್ತದೆ. ಗಾಜಿನ ಪೆಟ್ಟಿಗೆಯ ಮುಂದೆ ನಿಂತವನಿಗೆ ಅದೊಂದು ಸಣ್ಣ ಸುಧಾರಣೆ. ಕಂಕುಳಲ್ಲಿ ಕೋಲು ಅವುಚಿ ಕೈ ಸಾಲದೆ ಪರದಾಡಿದವನಿಗೆ ಅದು ಮೂರನೆಯ ಕೈ ಬಂದಂತೆ.

ಅಂದಹಾಗೆ, ನಮ್ಮ ನಾಡಿನ ಯುದ್ಧಗಳ ವರ್ಣನೆಯಲ್ಲಿ ಕೋವಿಗಾರರು ಸ್ಪಷ್ಟವಾಗಿ ಕಾಣಿಸುವುದು 1520ರ ರಾಯಚೂರು ಮುತ್ತಿಗೆಯಲ್ಲಿ. ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸರು ಕೋಟೆಯ ಮೇಲಿದ್ದವರನ್ನು ಕೋವಿಯಿಂದ ಹೊಡೆದುರುಳಿಸಿದ್ದನ್ನು ನುನಿಜ್ ಬರೆದಿದ್ದಾನೆ. ಆದರೆ ಅದು ಆಗಲೇ ಬತ್ತಿಕೋವಿಯ ಕಾಲ. ನಾವು ಮಾತಾಡುತ್ತಿರುವ ಕೈಫಿರಂಗಿಯ ಮೊಮ್ಮಕ್ಕಳು ಅವು.

ಇನ್ನು ಮಾಡುವ ಕೆಲಸ. ಇಲ್ಲಿಯೇ ನನ್ನ ಷರತ್ತಿನ ಬೇರು ಇದೆ. ಕೋವಿಯ ಹೊರಮೈಯನ್ನು ಛಾಯಾಚಿತ್ರ ನೋಡಿ ಯಾರು ಬೇಕಾದರೂ ನಕಲು ಮಾಡಬಹುದು. ಆದರೆ ಕೋವಿಯ ಜೀವ ಇರುವುದು ಒಳಗೆ. ಟಾನೆನ್‌ಬರ್ಗ್ ಕೋವಿಯ ಗುಂಡು ಕೂರುವ ಕೊಳವೆ ಸುಮಾರು 17 ಮಿ.ಮೀ. ಅಗಲವಿದ್ದರೆ, ಅದರ ಹಿಂದೆ ಮದ್ದು ತುಂಬುವ ಗೂಡು ಇನ್ನೂ ಕಿರಿದು. ಈ ಕಿರಿದಾದ ಗೂಡಿನ ಸುತ್ತ ಲೋಹ ದಪ್ಪಗಿರುವುದರಿಂದ ಒತ್ತಡ ಹೆಚ್ಚಿರುವ ಜಾಗದಲ್ಲೇ ಬಲವೂ ಹೆಚ್ಚು. ಚಿತ್ರ ನೋಡಿ ಮಾಡಿದವನು ಇದನ್ನು ತಿಳಿಯದೆ ಮೊದಲಿಂದ ಕೊನೆಯವರೆಗೆ ಒಂದೇ ಅಗಲಕ್ಕೆ ಕೊರೆದುಬಿಟ್ಟರೆ ಅದು ನೋಡಲು ಟಾನೆನ್‌ಬರ್ಗ್ ಕೋವಿ, ಸ್ವಭಾವದಲ್ಲಿ ಬೇರೆಯೇ ಕೋವಿ. ಅದನ್ನು ಹಾರಿಸಿ 'ಆ ಕಾಲದ ಕೋವಿ ಹೀಗಿತ್ತು' ಎಂದರೆ ಆ ಮಾತಿಗೆ ಬೆಲೆಯಿಲ್ಲ.

ಲೋಹದ ವಿಷಯವೂ ಹಾಗೆಯೇ. ಹಳಬರು ಮಣ್ಣಿನ ಅಚ್ಚಿನ ನಡುವೆ ಮಣ್ಣಿನದೇ ತಿರುಳನ್ನು ನಿಲ್ಲಿಸಿ, ಸುತ್ತ ಕಂಚು ಹೊಯ್ದು, ಆಮೇಲೆ ತಿರುಳನ್ನು ಕೆರೆದು ತೆಗೆಯುತ್ತಿದ್ದರು. ತಿರುಳು ಒಂದಿಷ್ಟು ವಾಲಿದರೂ ನಳಿಗೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಕರಗಿದ ಕಂಚಿನಲ್ಲಿ ಗಾಳಿ ಸಿಕ್ಕಿಕೊಂಡರೆ ಹೊರಗೆ ಕಾಣದ ಗುಳ್ಳೆಗಳು. ಗಟ್ಟಿಯಾಗಿ ಎರಕ ಹೊಯ್ದು ಆಮೇಲೆ ಕೊರೆಯುವ ಪದ್ಧತಿ ಬಳಕೆಗೆ ಬಂದದ್ದು 18ನೇ ಶತಮಾನದಲ್ಲಿ. ಇಂದಿನ ಕುಶಲಕರ್ಮಿಗಳಲ್ಲಿ ಹಲವರು ಇದೇ ಪದ್ಧತಿಯನ್ನು ಅನುಸರಿಸುತ್ತಾರೆ. ಇನ್ನು ಕೆಲವರು ಗಟ್ಟಿ ಉಕ್ಕಿನ ಸಲಾಕೆಯನ್ನೇ ಕೊರೆದು ಹೊರಗೆ ಬಡಿದು ಹಳೆಯ ರೂಪ ಕೊಡುತ್ತಾರೆ. ಕಟ್ಟುನಿಟ್ಟಾಗಿ ನೋಡಿದರೆ ಇದು ಕಾಲವಿರೋಧ. ಆದರೆ ನಾನು ಇದನ್ನು ತಪ್ಪೆನ್ನಲಾರೆ. ಮನುಷ್ಯನ ಮುಖದಿಂದ ಒಂದು ಮೊಳ ದೂರದಲ್ಲಿ ಸಿಡಿಯುವ ವಸ್ತು ಅದು. 1460ರಲ್ಲಿ ಸ್ಕಾಟ್‌ಲೆಂಡಿನ ದೊರೆ ಎರಡನೇ ಜೇಮ್ಸ್ ರಾಕ್ಸ್‌ಬರೋ ಮುತ್ತಿಗೆಯಲ್ಲಿ ತನ್ನದೇ ಫಿರಂಗಿಯೊಂದು ಒಡೆದು ಸತ್ತ. ರಾಜನ ಫಿರಂಗಿಯೇ ಹೀಗಾದರೆ ಉಳಿದವರ ಪಾಡೇನು? ಹೆಸರಿಲ್ಲದ ಕೋವಿಗಾರರು ಎಷ್ಟು ಮಂದಿ ಬೆರಳು, ಕಣ್ಣು ಕಳೆದುಕೊಂಡರೋ ಲೆಕ್ಕವಿಟ್ಟವರಿಲ್ಲ. ಪ್ರಾಮಾಣಿಕತೆಯ ಹೆಸರಿನಲ್ಲಿ ಅವರ ಗಾಯವನ್ನೂ ನಕಲು ಮಾಡಬೇಕಾಗಿಲ್ಲ.

ಆದ್ದರಿಂದ ಉಕ್ಕು ಬಳಸಲಿ, ಕೊರೆಯಲಿ. ನನ್ನ ಷರತ್ತು ಇಷ್ಟೇ: ಎಲ್ಲಿ ಮೂಲವನ್ನು ಅನುಸರಿಸಿದೆ, ಎಲ್ಲಿ ಬಿಟ್ಟಿದೆ ಎಂಬುದನ್ನು ಮಾಡಿದವನೂ ಇಟ್ಟುಕೊಂಡವನೂ ಬರೆದಿಡಬೇಕು, ಕೇಳಿದವರಿಗೆ ಹೇಳಬೇಕು. ನಳಿಗೆಯ ಒಳ ಅಳತೆ, ಲೋಹ, ಮದ್ದು ಯಾವುದು ಎಂಬ ವಿವರ ಜೊತೆಗಿದ್ದರೆ ಪ್ರತಿಕೃತಿ ಒಂದು ಸಾಕ್ಷ್ಯ. ಆ ವಿವರ ಕಳೆದುಹೋದರೆ ಅದು ಒಂದು ಲೋಹದ ತುಂಡು. ಕೊನೆಗೆ ಮೋಸದ ಸರಕೂ ಆಗಬಹುದು.

ಮೋಸದ ಮಾತು ಸುಮ್ಮನೆ ಹೇಳಿದ್ದಲ್ಲ. ಹಳೆಯ ಕೈಫಿರಂಗಿಗಳು ಅಪರೂಪ, ಹರಾಜಿನಲ್ಲಿ ಬೆಲೆ ದೊಡ್ಡದು. ಅವುಗಳ ಆಕಾರವೋ ತೀರಾ ಸರಳ. ಹೊಸ ಕಂಚಿಗೆ ಹುಳಿ, ಉಪ್ಪು ಹಚ್ಚಿ ಒಂದಿಷ್ಟು ಕಾಲ ಮಣ್ಣಿನಲ್ಲಿ ಹೂತರೆ ಹಸಿರು ಕಿಲುಬು ತಾನಾಗಿ ಬರುತ್ತದೆ. ಎಲ್ಲಿ ಅಗೆದಾಗ ಸಿಕ್ಕಿತು ಎಂಬ ದಾಖಲೆಯಿಲ್ಲದ ಕೈಫಿರಂಗಿಯನ್ನು ತಿಳಿದವರು ಅನುಮಾನದಿಂದಲೇ ನೋಡುತ್ತಾರೆ. ಮೋಸದ ಉದ್ದೇಶವಿಲ್ಲದೆಯೂ ಗೊಂದಲ ಆಗುವುದುಂಟು. ದಕ್ಷಿಣ ಜರ್ಮನಿಯ ಹಳ್ಳಿಗಳಲ್ಲಿ ಹಬ್ಬ, ಮದುವೆಗಳಿಗೆ ಸದ್ದು ಮಾಡಲೆಂದೇ ಸಣ್ಣ ಕಬ್ಬಿಣದ ಸಿಡಿಗುಂಡಿಗಳನ್ನು ಹಾರಿಸುವ ವಾಡಿಕೆ ಇದೆ. ಅಂಥ ಸಿಡಿಗುಂಡಿಯೊಂದು ಅಟ್ಟದಲ್ಲಿ ತುಕ್ಕು ಹಿಡಿದು ಸಿಕ್ಕರೆ ಮಧ್ಯಯುಗದ ಫಿರಂಗಿ ಎಂಬ ಹೆಸರು ಪಡೆದುಬಿಡುತ್ತದೆ. ನಮ್ಮ ಕರಾವಳಿಯ ದೇವಸ್ಥಾನಗಳಲ್ಲಿ ಉತ್ಸವದ ಹೊತ್ತು ಸಿಡಿಸುವ ಕದಿನವನ್ನು ನೆನಪಿಸಿಕೊಳ್ಳಿ. ಒಂದು ಗಿಡ್ಡ ಕಬ್ಬಿಣದ ಕೊಳವೆ, ಬುಡದಲ್ಲಿ ತೂತು, ಒಳಗೆ ಜಡಿದು ತುಂಬಿದ ಮದ್ದು. ರಚನೆಯಲ್ಲಿ ಅದು ಲೋಶುಲ್ಟ್ ಫಿರಂಗಿಯ ಹತ್ತಿರದ ನೆಂಟ. ಗುಂಡೊಂದು ಇಲ್ಲ ಅಷ್ಟೆ. ನೂರು ವರ್ಷದ ಕದಿನವೊಂದನ್ನು ಯಾರಾದರೂ ವಿಜಯನಗರ ಕಾಲದ ಫಿರಂಗಿಯೆಂದು ತಂದು ತೋರಿಸಿದರೆ ಬರಿಗಣ್ಣಿನಿಂದ ಇಲ್ಲವೆನ್ನುವುದು ಸುಲಭವಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕೊಂದು ಹಳೆಯ ಏರ್ಪಾಡು ಇದೆ. ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಸಂಸತ್ತಿನ ಕಾಯಿದೆಯಿಂದ ಸ್ಥಾಪಿತವಾದ ಪ್ರೂಫ್ ಹೌಸ್, ಅಂದರೆ ನಳಿಗೆಗಳ ಪರೀಕ್ಷಾಗೃಹ, ಈಗಲೂ ಕೆಲಸ ಮಾಡುತ್ತಿದೆ. ಹೊಸ ನಳಿಗೆಗೆ ವಾಡಿಕೆಗಿಂತ ಹೆಚ್ಚು ಒತ್ತಡ ಕೊಟ್ಟು ಅಲ್ಲಿ ಹಾರಿಸಿ ನೋಡುತ್ತಾರೆ. ತಡೆದುಕೊಂಡರೆ ಅದರ ಮೇಲೆ ಮುದ್ರೆ ಒತ್ತುತ್ತಾರೆ. ಗುಂಡು ಹಾರಿಸಬಲ್ಲ ಪ್ರತಿಕೃತಿಯನ್ನು ಮಾರಬೇಕಾದರೂ ಈ ಪರೀಕ್ಷೆ ಆಗಲೇಬೇಕು. 14ನೇ ಶತಮಾನದ ಕೋವಿಯ ಮೇಲೆ ಈ ಕಾಲದ ಮುದ್ರೆ ಕೆಲವು ಸಂಗ್ರಾಹಕರಿಗೆ ಹಿಡಿಸುವುದಿಲ್ಲ, ಅಂದ ಕೆಟ್ಟಿತೆಂದು ಕೊರಗುತ್ತಾರೆ. ನನಗೆ ಅದೇ ಅದರ ಅತ್ಯಂತ ಚೆಲುವಾದ ಭಾಗ. ಈ ನಳಿಗೆ ಒಡೆಯುವುದಿಲ್ಲ ಎಂದು ಹಾರಿಸುವವನಿಗೆ ಹೇಳುವ ಅದೇ ಮುದ್ರೆ, ಇದು ಪುರಾತನವಲ್ಲ ಎಂದು ನೂರು ವರ್ಷ ಬಿಟ್ಟು ಕೊಳ್ಳುವವನಿಗೂ ಹೇಳುತ್ತದೆ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಬತ್ತಿಯಿಂದ ಹೊತ್ತಿಸುವ ಹಳೆಯ ಮಾದರಿಯ ಕೋವಿಯನ್ನು 18 ವರ್ಷ ತುಂಬಿದವರು ಪರವಾನಗಿ ಇಲ್ಲದೆ ಕೊಳ್ಳಬಹುದು, ಆದರೆ ಅದಕ್ಕೆ ಹಾಕುವ ಮದ್ದಿಗೆ ಸ್ಫೋಟಕಗಳ ಕಾನೂನಿನಂತೆ ಬೇರೆ ಅನುಮತಿ ಬೇಕು. ಅಮೆರಿಕದ 1968ರ ಕೇಂದ್ರ ಕಾಯಿದೆ ಇಂಥ ಪ್ರತಿಕೃತಿಗಳನ್ನು ಪುರಾತನ ಆಯುಧಗಳ ಗುಂಪಿಗೇ ಸೇರಿಸಿ ಸಡಿಲ ಬಿಟ್ಟಿದೆ. ರಾಜ್ಯಗಳ ಕಾನೂನು ಬೇರೆ. ಬ್ರಿಟನ್ನಿನಲ್ಲಿ ಪೊಲೀಸರ ಪ್ರಮಾಣಪತ್ರ ಬೇಕು. ನನಗೆ ಜರ್ಮನ್ ಕ್ರಮ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ. ಅಪಾಯ ಇರುವುದು ಕೊಳವೆಯಲ್ಲಿ ಅಲ್ಲ, ಮದ್ದಿನಲ್ಲಿ.

ನಮ್ಮಲ್ಲಿ ಇದು ಸಾಧ್ಯವೇ ಎಂದು ಕೇಳುವವರಿಗೆ ಸ್ಪಷ್ಟವಾಗಿ ಹೇಳಬೇಕು. ಮದ್ದಿನಿಂದ ಗುಂಡು ಹಾರಿಸಬಲ್ಲ ಯಾವ ಕೊಳವೆಯಾದರೂ, ಅದರ ಮಾದರಿ ಎಷ್ಟೇ ಹಳೆಯದಿರಲಿ, 1959ರ ಶಸ್ತ್ರಾಸ್ತ್ರ ಕಾಯಿದೆಯ ಕಣ್ಣಿಗೆ ಅದು ಬಂದೂಕೇ. ಇಟ್ಟುಕೊಳ್ಳಲು ಪರವಾನಗಿ ಬೇಕು, ತಯಾರಿಸಲು ಪ್ರತ್ಯೇಕ ಪರವಾನಗಿ ಬೇಕು. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿದೆ. ಆದರೆ ಅದು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ತಯಾರಿಸುವುದಕ್ಕಲ್ಲ. ಆದ್ದರಿಂದ ಪಕ್ಕದ ಕುಲುಮೆಯಲ್ಲಿ ಒಂದು ಕೊಳವೆ ಕೊರೆಸಿ ನೋಡೋಣ ಎಂಬ ಉತ್ಸಾಹ ಇಲ್ಲಿ ಯಾರಿಗಾದರೂ ಬಂದಿದ್ದರೆ ದಯವಿಟ್ಟು ಈ ಸಭಾಂಗಣದಲ್ಲೇ ಬಿಟ್ಟು ಹೋಗಿ.

ಕೊರೆಯದ ಪ್ರತಿಕೃತಿಯ ಮಾತು ಬೇರೆ. ನಾಗಮಂಗಲದ ಎರಕದವರು ಮೇಣದ ಅಚ್ಚಿನಲ್ಲಿ ದೇವರ ವಿಗ್ರಹಗಳನ್ನು ಇಂದಿಗೂ ಹೊಯ್ಯುತ್ತಾರೆ. ಅಂಥವರ ಕೈಯಲ್ಲಿ ಟಾನೆನ್‌ಬರ್ಗ್ ಕೋವಿಯದೊಂದು ಗಟ್ಟಿ ಎರಕ, ಬಾಯಲ್ಲಿ ಒಂದು ಬೆರಳಿನಷ್ಟು ಆಳದ ಗುರುತಿನ ಕುಳಿ, ಬುಡದಲ್ಲಿ ಅದು ತಯಾರಾದ ವರ್ಷ ಮತ್ತು ಊರಿನ ಹೆಸರು, ಹಿಂದೆ ಒಂದು ಮರದ ಕೋಲು. ಶಾಲೆಯ ಮಕ್ಕಳಿಗೆ ಕಂಕುಳಲ್ಲಿ ಅವುಚಿಕೊಳ್ಳಲು ಕೊಟ್ಟು, ಇನ್ನೊಂದು ಕೈಯಲ್ಲಿ ಪೆನ್ಸಿಲನ್ನು ಬತ್ತಿಯೆಂದು ಹಿಡಿಯಿರಿ, ಎದುರಿನ ಕಂಬಕ್ಕೆ ಗುರಿಯಿಡಿ ಎನ್ನಬಹುದು. ಆ ಡೊಂಕು ಸನ್ನೆ ಯಾಕೆ ಬೇಕಾಯಿತೆಂದು ಆಗ ಯಾರೂ ಬೋಧಿಸಬೇಕಾಗಿಲ್ಲ. ಲೋಹ ಗಟ್ಟಿಯಾಗಿರುವುದರಿಂದ ಮೂಲಕ್ಕಿಂತ ತುಸು ಭಾರ ಇರುತ್ತದೆ. ಆ ಮಾತನ್ನೂ ಮಕ್ಕಳಿಗೆ ಹೇಳಬೇಕು.